ಘಟ್ಟ ಇಳಿದು ಬಂದ ಒಂಬತ್ತನೇ ಕ್ಲಾಸು

ವಿಜಯಪುರದಿಂದ ಮಧ್ಯಾಹ್ನ ಬಿಡುವ ಮಂಗಳೂರು ರೈಲಿನಲ್ಲಿ ಮೇ ಕೊನೆಯ ವಾರ ಸೀಟಿನ ಕೆಳಗೆ ಕಾಲಿಡಲು ಜಾಗ ಇರುವುದಿಲ್ಲ. ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿಯ ಡಬ್ಬಿ, ಹಳೇ ಸೀರೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು. ಇವುಗಳ ನಡುವೆ ಯಾರದೋ ಮಡಿಲಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಮಡಿಕೆ ಬೀಳದಂತೆ ಜೋಪಾನ ಮಾಡಿದ ಒಂದು ಟಿಸಿ. ಬಾಗಲಕೋಟೆ, ಗದಗ, ಹುಬ್ಬಳ್ಳಿ, ಹಾವೇರಿ, ಅರಸೀಕೆರೆ, ಹಾಸನ ದಾಟಿ ಸಕಲೇಶಪುರಕ್ಕೆ ಬಂದರೆ ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿ, 57 ಸುರಂಗ. ಎಚ್ಚರವಿದ್ದ ಹುಡುಗರು ಮೊದಮೊದಲ ಸುರಂಗಗಳಿಗೆ ಕೂಗು ಹಾಕುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಅಂಗಿ ಮೈಗೆ ಅಂಟಿಕೊಂಡಿರುತ್ತದೆ.

ಆ ಟಿಸಿಯ ಮೇಲಿನ ಹೆಸರು ಹೆಚ್ಚಾಗಿ ಹದಿಮೂರರಿಂದ ಹದಿನಾರು ವಯಸ್ಸಿನವರದು. ಅಪ್ಪ, ಅವ್ವ ಮೊದಲೇ ಬಂದು ಗಾರೆ ಕೆಲಸಕ್ಕೋ, ಸೆಂಟ್ರಿಂಗಿಗೋ, ರಸ್ತೆ ಬದಿಯ ಕೇಬಲ್ ಗುಂಡಿ ಅಗೆಯುವುದಕ್ಕೋ ಸೇರಿರುತ್ತಾರೆ. ಚಿಕ್ಕ ಮಕ್ಕಳನ್ನು ಕಂಕುಳಲ್ಲಿ ಕರೆತಂದು, ಸಾಲಿಗೆ ಹೋಗುವ ದೊಡ್ಡವರನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಅಜ್ಜಿಗೆ ಕೈಲಾಗದ ವರ್ಷ, ಇಲ್ಲವೇ ಮಗಳು ದೊಡ್ಡವಳಾದ ವರ್ಷ, ಇನ್ನು ಅಲ್ಲಿ ಬಿಡುವುದು ಸರಿಯಲ್ಲ ಎಂದು ಕರೆಸಿಕೊಳ್ಳುತ್ತಾರೆ. ಕರಾವಳಿಯ ಫ್ಲ್ಯಾಟುಗಳನ್ನೂ ಕಾಂಕ್ರೀಟ್ ರಸ್ತೆಗಳನ್ನೂ ಕಟ್ಟಿದ ಉತ್ತರ ಕರ್ನಾಟಕದ ಕಾರ್ಮಿಕರ ಬಗ್ಗೆ ಆಗೀಗ ಬರೆಯಲಾಗುತ್ತದೆ. ಅವರ ಹಿಂದೆ ತಡವಾಗಿ ಬಂದ ಈ ಮಕ್ಕಳ ದಿನಚರಿ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಕೇಳಿದರೂ ಕೇಳುವುದು ಒಂದೇ ಪ್ರಶ್ನೆ: ಹೊಂದಿಕೊಂಡಳಾ? ಈ ಪ್ರಶ್ನೆಯನ್ನು ಹುಡುಗಿಗೆ ಕೇಳುವ ಮೊದಲು ಅವಳು ಬಂದು ಸೇರಿದ ಊರಿಗೆ ಕೇಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಶುರುವಾಗುವುದು ಶಾಲೆಯ ಬಾಗಿಲಿನಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಊರು ಬಿಟ್ಟು ಊರಿಗೆ ಹೋಗುವ ಮಕ್ಕಳನ್ನು ಮರೆತಿಲ್ಲ. ಟಿಸಿ ಕೇಳಿದ ತಕ್ಷಣ ಕೊಡಬೇಕು, ಅದು ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರ ಐದನೇ ಸೆಕ್ಷನ್ ಹೇಳುತ್ತದೆ. ಆದರೆ ಈ ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತನೇ ತರಗತಿಗೆ ಬಂದವರು ಮುಖ್ಯಶಿಕ್ಷಕರ ಮನಸ್ಸಿನ ಮೇಲೆ ನಿಂತಿರುತ್ತಾರೆ. ಅದರಲ್ಲೂ ಹತ್ತನೇ ತರಗತಿ ಎಂದರೆ ಮೇಜಿನ ಆಚೆ ಕೂತವರ ಹಣೆ ಗಂಟಾಗುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು, ಉಡುಪಿ 89.96ರೊಂದಿಗೆ ಎರಡನೆಯದು, ಕಲಬುರಗಿ 42.43ರೊಂದಿಗೆ ಕೊನೆ. ಆ ಕಡೆಯಿಂದ ಬಂದವಳು ಎಂದರೆ ಸಾಕು, ನಮ್ಮ ಶಾಲೆಯ ಶೇಕಡಾವಾರು ಏನಾದೀತೋ ಎಂಬ ಲೆಕ್ಕ ಮೊದಲು ಬರುತ್ತದೆ. ಹುಡುಗಿಯ ಅಂಕಪಟ್ಟಿಯನ್ನು ನೋಡುವುದು ಆಮೇಲೆ. ನಾಲ್ವರು ಶಿಕ್ಷಕರ ಕೆಲಸವನ್ನು ಇಬ್ಬರೇ ಮಾಡುತ್ತಿದ್ದ ಶಾಲೆಯಿಂದ ಅಷ್ಟು ಅಂಕ ತೆಗೆದುಕೊಂಡು ಬಂದವಳ ತಲೆ ಎಂಥದ್ದಿರಬೇಕು ಎಂದು ಯೋಚಿಸುವವರು ಅಪರೂಪ.

ಇನ್ನೊಂದು ಕಡೆ, ಇದೇ ಮಕ್ಕಳಿಂದಾಗಿ ಉಸಿರು ಹಿಡಿದುಕೊಂಡಿರುವ ಸರಕಾರಿ ಕನ್ನಡ ಶಾಲೆಗಳು ಮಂಗಳೂರಿನ ಸುತ್ತಮುತ್ತ ಇವೆ. ಊರಿನವರ ಮಕ್ಕಳು ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನು ಹತ್ತಿ ಹೋದ ಮೇಲೆ ಹಾಜರಿ ಪುಸ್ತಕದಲ್ಲಿ ಉಳಿದದ್ದು ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಹೆಸರುಗಳು. ಶಾಲೆ ಮುಚ್ಚದೆ ಉಳಿದದ್ದು ಇವರಿಂದ ಎನ್ನುವುದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕು.

ಪ್ರವೇಶವಾಯಿತು, ಎರಡು ಜೊತೆ ಸಮವಸ್ತ್ರ ಬಂತು. ಅಷ್ಟರಲ್ಲಿ ಮಳೆಯೂ ಬಂತು. ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಅದು ಮೂರೂವರೆ ಸಾವಿರವನ್ನು ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್ ಒಳಗೆ. ಮಳೆಗಾಗಿ ಆಕಾಶ ನೋಡಿ ಬೆಳೆದ ಮಕ್ಕಳಿಗೆ ಮೊದಲ ವಾರ ಇದು ಹಬ್ಬ. ಎರಡನೇ ವಾರಕ್ಕೆ ಬಟ್ಟೆ ಒಣಗುವುದಿಲ್ಲ. ಇಲ್ಲಿಯ ಹಳೇ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಬಾಡಿಗೆಯ ಒಂದೇ ಕೋಣೆಯಲ್ಲಿ ಬಚ್ಚಲ ಒಲೆ ಎಲ್ಲಿಂದ ಬರಬೇಕು? ಫ್ಯಾನಿನ ಕೆಳಗೆ ಸೊಳ್ಳೆಪರದೆಯ ದಾರಕ್ಕೆ ನೇತುಹಾಕಿದ ಚೂಡಿದಾರ ಬೆಳಿಗ್ಗೆ ಮುಟ್ಟಿದರೆ ತಣ್ಣಗೆ. ಅದನ್ನೇ ಹಾಕಿಕೊಂಡು ಹೋಗಬೇಕು. ಒದ್ದೆ ಬಟ್ಟೆಯ ಮುಗ್ಗು ವಾಸನೆ ತನಗೆ ಬರುವುದಕ್ಕಿಂತ ಪಕ್ಕದಲ್ಲಿ ಕೂತವಳಿಗೆ ಬರುತ್ತಿದೆಯೋ ಏನೋ ಎಂಬ ಚಿಂತೆಯಲ್ಲಿ ಇಡೀ ಮೊದಲ ಪೀರಿಯಡ್ ಕಳೆಯುತ್ತದೆ. ಹದಿನಾಲ್ಕರ ವಯಸ್ಸಿನಲ್ಲಿ ಇದು ಸಣ್ಣ ವಿಷಯವಲ್ಲ.

ರೊಟ್ಟಿಯ ಗಂಟಿನ ಗತಿಯೂ ಅದೇ. ಖಡಕ್ ರೊಟ್ಟಿ ಬಯಲುಸೀಮೆಯ ಒಣ ಗಾಳಿಯನ್ನು ನಂಬಿ ಹುಟ್ಟಿದ ತಿನಿಸು, ಅಲ್ಲಿ ತಿಂಗಳುಗಟ್ಟಲೆ ಇಟ್ಟರೂ ಮುರಿದರೆ ಕಟಕ್ ಎನ್ನುತ್ತದೆ. ಜೂನ್‌ನ ಕರಾವಳಿಯಲ್ಲಿ ಗಂಟು ಬಿಚ್ಚಿ ಎರಡು ದಿನವಾದರೆ ಅಂಚು ಬಾಗುತ್ತದೆ, ವಾರದೊಳಗೆ ತೊಗಲಿನಂತೆ ಮಡಚಿಕೊಳ್ಳುತ್ತದೆ, ಆಮೇಲೆ ಹಸಿರು ಚುಕ್ಕಿ. ನಾನು ಕಂಡ ಒಂದು ಮನೆಯಲ್ಲಿ ಹುಡುಗಿ ಅದಕ್ಕೊಂದು ದಾರಿ ಹುಡುಕಿದ್ದಳು. ಸ್ಟೀಲ್ ಡಬ್ಬಿಯ ತಳಕ್ಕೆ ಹಳೇ ಪೇಪರ್ ಹಾಕಿ, ರೊಟ್ಟಿ ಜೋಡಿಸಿ, ಮುಚ್ಚಳದ ಸುತ್ತ ಪ್ಲಾಸ್ಟಿಕ್ ಕಟ್ಟಿ, ದಿನಕ್ಕೆರಡು ಮಾತ್ರ ತೆಗೆದು ಗ್ಯಾಸಿನ ಸಣ್ಣ ಉರಿಯ ಮೇಲೆ ತಿರುವಿ ತಿರುವಿ ಮತ್ತೆ ಗರಿ ಮಾಡುತ್ತಿದ್ದಳು. ಒಂದು ಅಪ್ಪನ ಬುತ್ತಿಗೆ, ಒಂದು ತಮ್ಮನಿಗೆ. ಅವಳಿಗೆ ಶಾಲೆಯ ಬಿಸಿಯೂಟ, ರಾತ್ರಿಗೆ ಕುಚ್ಚಲಕ್ಕಿ ಅನ್ನ. ಆ ಕೆಂಪು ದಪ್ಪ ಅಗುಳು ಮೊದಲ ತಿಂಗಳು ಗಂಟಲಲ್ಲೇ ನಿಲ್ಲುತ್ತಿತ್ತಂತೆ. "ಈಗ ರೂಢಿ ಆಗೇತ್ರಿ, ಹುರುಳಿ ಸಾರು ಇದ್ರ ಚೊಲೊ ಹತ್ತೈತಿ" ಎಂದಳು.

ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಹಿಂದಿನ ರಾತ್ರಿಯಿಂದಲೇ ವಾಟ್ಸ್ಆ್ಯಪ್‌ನಲ್ಲಿ ರಜೆ ಉಂಟಾ, ರಜೆ ಉಂಟಾ ಎಂದು ಊರಿನ ಮಕ್ಕಳು ಕಾಯುವುದು ಇಲ್ಲಿ ಮಳೆಗಾಲದ ಸಂಭ್ರಮಗಳಲ್ಲಿ ಒಂದು. ಆದರೆ ಶಾಲೆಗೆ ರಜೆಯಾಗುವಷ್ಟು ಮಳೆ ಬಂದ ದಿನ ಸ್ಲ್ಯಾಬು ಹಾಕುವುದಿಲ್ಲ, ಗುಂಡಿ ಅಗೆಯುವುದಿಲ್ಲ; ಅಪ್ಪನಿಗೆ ಪಗಾರ ಇಲ್ಲ. ಹತ್ತಡಿ ಕೋಣೆಯಲ್ಲಿ ಮನೆಮಂದಿಯೆಲ್ಲ ಇಡೀ ದಿನ ಎದುರುಬದುರು ಕೂರುತ್ತಾರೆ. ಅಂಥ ಮೂರು ದಿನ ಸಾಲಾಗಿ ಬಂದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಹಿಡಿದು ಹೋಗುವವಳು ಮಗಳೇ. ಶಾಲೆ ಮತ್ತೆ ಶುರುವಾದಾಗ ಗೆಳತಿಯರು ರಜೆಯಲ್ಲಿ ನೋಡಿದ ಸಿನಿಮಾದ ಮಾತಾಡುತ್ತಾರೆ, ಇವಳು ಕೇಳಿಸಿಕೊಳ್ಳುತ್ತಾಳೆ.

ಬಸ್ಸಿನ ಕತೆ ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ವಿಜಯಪುರ ಜಿಲ್ಲೆಯ ಹುಡುಗಿಯರಿಗೆ ಸರಕಾರಿ ಬಸ್ಸು ಎಂದರೆ ಆಧಾರ್ ತೋರಿಸು, ಸೊನ್ನೆ ಟಿಕೆಟ್ ತಗೋ. ಮಂಗಳೂರಿನ ಒಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಆಧಾರ್ ಎತ್ತಿ ಹಿಡಿದರೆ ಕಂಡಕ್ಟರು ನಗುತ್ತಾನೆ. ವಿದ್ಯಾರ್ಥಿ ರಿಯಾಯಿತಿ ಇದೆ, ಆದರೂ ದಿನದ ಎರಡು ಟಿಕೆಟ್ಟಿನ ದುಡ್ಡು ಮನೆಯ ಲೆಕ್ಕಕ್ಕೆ ಹೊಸ ಬಾಬ್ತು. ಸರಕಾರದ ಯೋಜನೆಯೊಂದು ಅದೇ ರಾಜ್ಯದ ಒಂದು ಮೂಲೆಯಿಂದ ಇನ್ನೊಂದಕ್ಕೆ ಬರುವಾಗ ಹುಡುಗಿಯ ಕೈಯಿಂದ ಜಾರಿಹೋಗುವುದು ಹೀಗೆ. ಇನ್ನು ದಾರಿ. ಇಲ್ಲಿ ಎಲ್ಲ ಬಸ್ಸುಗಳ ಹಣೆಯ ಮೇಲೂ ‘ಸ್ಟೇಟ್‌ಬ್ಯಾಂಕ್’ ಎಂದು ಬರೆದಿರುತ್ತದೆ. ಅದು ಬಸ್ ನಿಲ್ದಾಣ ಎಂದು ಹೊಸಬರಿಗೆ ತಿಳಿಯುವುದು ಹೇಗೆ? ಬಸ್ಸು ತುಂಬಿದಾಗ ಕಂಡಕ್ಟರು "ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗುತ್ತಾನೆ. ಮುಂದೆ ಹೋಗಿ ಎನ್ನುತ್ತಿದ್ದಾನೆ ಅಷ್ಟೆ. ಗೊತ್ತಿಲ್ಲದವಳು ತನ್ನನ್ನೇ ಬೈದ ಎಂದುಕೊಂಡು ಇದ್ದಲ್ಲೇ ಕಂಬಿ ಹಿಡಿದು ಗಟ್ಟಿಯಾಗಿ ನಿಲ್ಲುತ್ತಾಳೆ, ಆಗ ನಿಜಕ್ಕೂ ಬೈಗುಳ ಬೀಳುತ್ತದೆ.

ಮಾತು. ಎಲ್ಲಕ್ಕಿಂತ ಆಳಕ್ಕೆ ತಾಗುವುದು ಇದು. ಬೇರೆ ರಾಜ್ಯಕ್ಕೆ ಹೋದವರಿಗೆ ಭಾಷೆ ಬಾರದು ಎಂಬ ಒಂದು ರಕ್ಷಣೆ ಇರುತ್ತದೆ. ಇವರು ಬಂದಿರುವುದು ಕನ್ನಡದಿಂದ ಕನ್ನಡಕ್ಕೆ. ಪಾಠದ ಪುಸ್ತಕ ಅದೇ, ಶಿಕ್ಷಕರು ಹೇಳುವುದೂ ಅದೇ ಕನ್ನಡ. ಆದರೆ ಬಿಡುವಿನ ಹೊತ್ತಿಗೆ ಗೆಳತಿಯರ ಗುಂಪು ತುಳುವಿಗೆ ಹೊರಳುತ್ತದೆ, ಇಲ್ಲವೇ ಬ್ಯಾರಿಗೆ, ಕೊಂಕಣಿಗೆ. ಅದು ಅವರ ಮನೆಮಾತು, ಅದರಲ್ಲಿ ತಪ್ಪೇನಿಲ್ಲ. ನೋವಾಗುವುದು ಇವಳು ಬಾಯಿ ಬಿಟ್ಟಾಗ. ಓದಲು ಎಬ್ಬಿಸಿದರೆ "ಬ್ಯಾಡ್ರೀ ಟೀಚರ್, ನಾಳಿ ಓದ್ತೀನ್ರೀ" ಎನ್ನುತ್ತಾಳೆ. ಹಿಂದಿನ ಬೆಂಚಿನಿಂದ ಆ ‘ರೀ’ಯನ್ನು ಎಳೆದು ಯಾರೋ ಅಣಕಿಸುತ್ತಾರೆ, ಕ್ಲಾಸು ನಗುತ್ತದೆ. ಹುಡುಗರು ಕೆಟ್ಟವರೆಂದಲ್ಲ, ಟೀವಿಯ ಹಾಸ್ಯ ಕಾರ್ಯಕ್ರಮಗಳು ಉತ್ತರ ಕರ್ನಾಟಕದ ಮಾತು ಕೇಳಿದೊಡನೆ ನಗಬೇಕು ಎಂದು ಅವರಿಗೆ ಕಲಿಸಿಬಿಟ್ಟಿವೆ. ಹಾಗೆಯೇ ಮಂಗಳೂರಿನ ಕನ್ನಡವನ್ನೂ ಸಿನಿಮಾದವರು ವರ್ಷಾನುಗಟ್ಟಲೆ ಅಣಕಿಸಿದ್ದಾರೆ, ಆ ಉರಿ ಇಲ್ಲಿಯವರಿಗೂ ಗೊತ್ತು. ಗೊತ್ತಿದ್ದವರು ಇನ್ನೊಬ್ಬರಿಗೆ ಅದನ್ನೇ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಣಕಕ್ಕೆ ಸಿಕ್ಕ ಹುಡುಗಿ ಮಾಡುವುದು ಒಂದೇ, ಮಾತು ಕಡಿಮೆ ಮಾಡುವುದು. ವರದಿ ಪುಸ್ತಕದಲ್ಲಿ ‘ಶಾಂತ ಸ್ವಭಾವ’ ಎಂದು ಬರೆಯಲಾಗುತ್ತದೆ. ಊರಲ್ಲಿ ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು ಎಂಬುದು ಬರೆದವರಿಗೆ ತಿಳಿದಿರುವುದಿಲ್ಲ.

ಐದಾರು ವರ್ಷದ ತಮ್ಮನಿಗೆ ಈ ತೊಂದರೆಯೇ ಇಲ್ಲ. ಅವನು ಕೆಲವೇ ತಿಂಗಳಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಆಡುತ್ತ ತುಳುವಿನಲ್ಲೇ ಜಗಳವಾಡುತ್ತಾನೆ. ಅಪ್ಪ, ಅವ್ವನಿಗೆ ಊರಿನವರದೇ ಗುಂಪಿದೆ, ಬೆಳಿಗ್ಗೆ ಕೆಲಸಕ್ಕೆ ಕಾಯುವ ಸರ್ಕಲ್ಲಿನಲ್ಲಿ ತಮ್ಮದೇ ಮಾತು ಕಿವಿಗೆ ಬೀಳುತ್ತದೆ. ನಡುವಿನವಳಿಗೆ ಎರಡೂ ಇಲ್ಲ. ಹದಿಹರೆಯವನ್ನು ‘ನಾನು ಯಾರು’ ಎಂಬ ಪ್ರಶ್ನೆಯ ಕಾಲ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಬಂದ ತನ್ನ ‘ಚೈಲ್ಡ್‌ಹುಡ್ ಆ್ಯಂಡ್ ಸೊಸೈಟಿ’ ಪುಸ್ತಕದಲ್ಲಿ ವಿವರಿಸಿದ್ದ. 1933ರಲ್ಲಿ ಯುರೋಪ್ ಬಿಟ್ಟು ಅಮೆರಿಕಕ್ಕೆ ಹೋಗಿ ನೆಲೆಸಿದವನು ಆತ. ಆ ವಯಸ್ಸಿನಲ್ಲಿ ಉತ್ತರ ಸಿಗುವುದು ಕನ್ನಡಿಯಲ್ಲಿ ಕಡಿಮೆ, ಓರಗೆಯವರ ಕಣ್ಣಿನಲ್ಲಿ ಹೆಚ್ಚು. ಹಳ್ಳಿಯಲ್ಲಿ ಇವಳು ಯಾರ ಮಗಳು, ಯಾರ ಮೊಮ್ಮಗಳು, ಖೊಖೊದಲ್ಲಿ ಎಂಥ ಓಟಗಾರ್ತಿ ಎಂಬುದಕ್ಕೆ ನೂರು ಸಾಕ್ಷಿಗಳಿದ್ದರು. ಇಲ್ಲಿ ಅವಳು ‘ಘಟ್ಟದವಳು’. ಇಡೀ ಹದಿನಾಲ್ಕು ವರ್ಷ ಆ ಒಂದು ಶಬ್ದದೊಳಗೆ ತೂರಿಕೊಳ್ಳಬೇಕು.

ರಾತ್ರಿ ಅಪ್ಪನ ಫೋನು ಕೈಗೆ ಸಿಗುತ್ತದೆ, ಚಾರ್ಜ್ ಉಳಿದಿದ್ದರೆ. ಊರಿನ ಗೆಳತಿಯರ ಸ್ಟೇಟಸ್‌ಗಳನ್ನು ನೋಡುವ ಹೊತ್ತು ಅದು. ಕಾರಹುಣ್ಣಿಮೆಯ ಎತ್ತುಗಳು, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣುವ ಫೋಟೊ ಬಂದ ದಿನ ಇಲ್ಲಿ ಎಂದಿನಂತೆ ಶಾಲೆ. ಮೊದಲ ತಿಂಗಳುಗಳಲ್ಲಿ ಗೆಳತಿಯರು ‘ನೀ ಇರಬೇಕಿತ್ತು’ ಎಂದು ಬರೆಯುತ್ತಾರೆ. ನಿಧಾನಕ್ಕೆ ಗುಂಪಿನ ಮಾತು ಇವಳಿಗೆ ಗೊತ್ತಿಲ್ಲದ ಹೊಸ ಟೀಚರು, ಹೊಸ ಜಗಳಗಳ ಕಡೆ ತಿರುಗುತ್ತದೆ. ಮನೆಯ ನೆನಪು ಕೆಲಸದ ಗಡಿಬಿಡಿಯಲ್ಲಿ ಕಾಡುವುದಿಲ್ಲ, ಕೈ ಖಾಲಿಯಾದಾಗ ಕಾಡುತ್ತದೆ. ಹದಿಹರೆಯದ ಮೈಗೆ ನಿದ್ದೆ ಬರುವುದೇ ತಡವಾಗಿ, ಬೇಕಾದದ್ದು ಎಂಟರಿಂದ ಹತ್ತು ಗಂಟೆ. ಒಂದೇ ಕೋಣೆಯಲ್ಲಿ ಐದಕ್ಕೆ ಅವ್ವ ಎದ್ದು ಲೈಟು ಹಾಕಿದರೆ ಎಲ್ಲರಿಗೂ ಬೆಳಗಾಯಿತು. ನಿದ್ದೆಗೆಟ್ಟ ಕಣ್ಣಿನಲ್ಲಿ ಕ್ಲಾಸಿನಲ್ಲಿ ಕೂತವಳನ್ನು ಸೋಮಾರಿ ಎನ್ನುವ ಮೊದಲು ಇದನ್ನು ತಿಳಿದಿರಬೇಕು. ಊಟ ಬಿಟ್ಟು, ಮಾತು ಬಿಟ್ಟು, ದಿನಗಟ್ಟಲೆ ಮಂಕಾಗಿ ಕೂತರೆ ಅದು ಬರೀ ಊರಿನ ನೆನಪಲ್ಲ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098.

ಇಷ್ಟೆಲ್ಲ ಇದ್ದರೂ ಮನೆಯಲ್ಲಿ ಅವಳು ಚಿಕ್ಕವಳಲ್ಲ. ಓದುಬರಹ ಬಲ್ಲವಳು ಅವಳೊಬ್ಬಳೇ ಆಗಿರುವ ಮನೆಗಳೇ ಹೆಚ್ಚು. ಗ್ಯಾಸ್ ಬುಕ್ ಮಾಡುವವಳು, ಕರೆಂಟ್ ಬಿಲ್ಲಿನಲ್ಲಿ ಮನೆ ಮಾಲೀಕ ಹೆಚ್ಚು ಹಾಕಿದ್ದಾನೋ ನೋಡುವವಳು, ಬ್ಯಾಂಕಿನ ಚಲನ್ ತುಂಬುವವಳು, ತಮ್ಮನ ಶಾಲೆಯ ಪೋಷಕರ ಸಭೆಗೆ ಹೋಗಿ ಪೋಷಕಿಯ ಜಾಗದಲ್ಲಿ ಸಹಿ ಹಾಕುವವಳು. ಅವ್ವನಿಗೆ ಜ್ವರ ಬಂದರೆ ವೆನ್ಲಾಕ್ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಸಮವಸ್ತ್ರದಲ್ಲೇ ನಿಂತಿರುತ್ತಾಳೆ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಆ ದಿನದ ಗೈರುಹಾಜರಿಗೆ ಮರುದಿನ ಕಾರಣ ಕೇಳಿದರೆ "ಆರಾಮ ಇರಲಿಲ್ರೀ" ಎಂದಷ್ಟೇ ಹೇಳುತ್ತಾಳೆ. ಶಾಲೆಯಲ್ಲಿ ಬಾಯಿಲ್ಲದವಳು ಎನಿಸಿಕೊಂಡವಳು ಶಾಲೆಯ ಹೊರಗೆ ಇಡೀ ಸಂಸಾರದ ಬಾಯಿ.

ಹಾಗಾದರೆ ಬಾಗಿಲು ತೆರೆಯುವುದು ಎಲ್ಲಿ? ನಾನು ನೋಡಿದಂತೆ ಯಾರೋ ಒಬ್ಬ ಶಿಕ್ಷಕರ ಯಾವುದೋ ಸಣ್ಣ ಎಚ್ಚರದಲ್ಲಿ. ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಪಾಠಕ್ಕೆ ಆದಿಲ್‌ಶಾಹಿಗಳು ಬಂದರು. ಮೇಷ್ಟ್ರು ಗೋಳಗುಮ್ಮಟದ ಚಿತ್ರ ತೋರಿಸಿ, 1656ರಲ್ಲಿ ಮುಗಿದದ್ದು, ಗುಮ್ಮಟದ ಹೊರ ವ್ಯಾಸ 44 ಮೀಟರ್ ಎಂದು ಹೇಳಿ, ಪುಸ್ತಕ ಮುಚ್ಚಿ, ಇದನ್ನು ಹತ್ತಿ ನೋಡಿದವರು ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಮೂರನೇ ಬೆಂಚಿನಿಂದ ಒಂದು ಕೈ ಎದ್ದಿತು. ಆ ಹುಡುಗಿ ಮೊದಲು ಕೂತಲ್ಲಿಂದಲೇ, ಆಮೇಲೆ ಎದ್ದು ಬಂದು ಕರಿಹಲಗೆಯ ಮೇಲೆ ವೃತ್ತ ಬರೆದು ಹೇಳಿದಳು: ಮೂಲೆಯ ಮಿನಾರಿನೊಳಗೆ ಮೆಟ್ಟಿಲು ಎಷ್ಟು ಕಡಿದು, ಮೇಲಿನ ಪಡಸಾಲೆಯಲ್ಲಿ ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆ ಕಡೆ ಕಿವಿ ಇಟ್ಟವರಿಗೆ ಹೇಗೆ ಕೇಳುತ್ತದೆ, ಒಂದು ಚಪ್ಪಾಳೆ ಎಷ್ಟು ಸಲ ತಿರುಗಿ ಬರುತ್ತದೆ, ಅಲ್ಲಿಯ ಕಾವಲುಗಾರ ಗದ್ದಲ ಮಾಡುವ ಹುಡುಗರಿಗೆ ಏನು ಬೈಯುತ್ತಾನೆ. ಬೈಗುಳವನ್ನು ಅವನ ದನಿಯಲ್ಲೇ ಹೇಳಿ ತೋರಿಸಿದಳು. ಕ್ಲಾಸು ನಕ್ಕಿತು, ಈ ಸಲ ಅವಳ ಜೊತೆ. ಬಿಡುವಿನಲ್ಲಿ ಇಬ್ಬರು ಹುಡುಗಿಯರು ಅವಳ ಡಬ್ಬಿಯ ಶೇಂಗಾ ಹಿಂಡಿ ಕೇಳಿ ಇಸಿದುಕೊಂಡು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡರು.

ಮೇಷ್ಟ್ರು ಆಮೇಲೆ ಇದನ್ನು ಕನ್ನಡ ಶಿಕ್ಷಕಿಗೂ ಹೇಳಿದರಂತೆ. ವಚನಗಳ ಪಾಠಕ್ಕೆ ಬಸವನ ಬಾಗೇವಾಡಿಯ ಆಸುಪಾಸಿನಿಂದ ಬಂದ ಮಕ್ಕಳನ್ನು ಎಬ್ಬಿಸಿ ಓದಿಸುವುದು ಆ ಶಾಲೆಯಲ್ಲಿ ಈಗ ರೂಢಿ. ಬಸವಣ್ಣ ಹುಟ್ಟಿದ ನೆಲದ ಉಚ್ಚಾರದಲ್ಲಿ ವಚನ ಕೇಳುವ ಭಾಗ್ಯ ಎಷ್ಟು ಶಾಲೆಗಳಿಗಿದೆ? ಇದಕ್ಕೆ ಸುತ್ತೋಲೆ ಬೇಕಿಲ್ಲ, ಅನುದಾನ ಬೇಕಿಲ್ಲ. ಮೊದಲ ವಾರ ಬಸ್ಸಿನ ದಾರಿ ತೋರಿಸಲು ಅದೇ ಕಡೆಗೆ ಹೋಗುವ ಒಬ್ಬ ಸಹಪಾಠಿಯನ್ನು ಜೊತೆ ಮಾಡುವುದಕ್ಕೂ ಬೇಕಿಲ್ಲ. ಆಟದ ಮೇಷ್ಟ್ರಂತೂ ಅದೃಷ್ಟವಂತರು. ಖೊಖೊ, ಕಬಡ್ಡಿಯ ಅಂಕಣದಲ್ಲಿ ಯಾರ ಕನ್ನಡ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ವಲಯ ಮಟ್ಟಕ್ಕೆ ತಂಡ ಕಟ್ಟುವ ಹೊತ್ತಿಗೆ ಘಟ್ಟದವಳು ‘ನಮ್ಮ ಶಾಲೆಯವಳು’ ಆಗಿರುತ್ತಾಳೆ. ಅಕ್ಟೋಬರ್ ಹೊತ್ತಿಗೆ ದಸರೆಯ ಹುಲಿವೇಷದ ತಾಸೆ ಕೇಳಿದರೆ ಹುಡುಗರ ಕಾಲು ತನ್ನಷ್ಟಕ್ಕೆ ಕುಣಿಯುತ್ತದೆ, ವಿಜಯಪುರದ ಕಾಲೂ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯೇ ನಿಜವಾದ ಕವಲು. ಹುಡುಗರು ಏಪ್ರಿಲ್‌ನಲ್ಲಿ ಸುಮ್ಮನೆ ಅಪ್ಪನ ಜೊತೆ ಸೈಟಿಗೆ ಹೋಗುತ್ತಾರೆ, ವಾರದ ಕೊನೆಗೆ ಕೈಯಲ್ಲಿ ದುಡ್ಡು ಕಾಣುತ್ತದೆ, ಜೂನ್‌ಗೆ ಮರಳಿ ಪುಸ್ತಕ ಹಿಡಿಯುವುದು ಕಷ್ಟವಾಗುತ್ತದೆ. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನಿದೆ, ಆದರೆ ಅಪ್ಪನ ಬುತ್ತಿ ಒಯ್ದು ಅಲ್ಲೇ ಉಳಿದ ಮಗನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗಿಯರಿಗೆ ಊರಿನಿಂದ ಸಂಬಂಧಗಳ ಮಾತು ಬರತೊಡಗುತ್ತದೆ. ಪಿಯುಸಿಗೆ ಸೇರಬೇಕೆಂದರೂ ಎಡವುವುದು ಕಾಗದದಲ್ಲಿ. ಶುಲ್ಕ ವಿನಾಯಿತಿಗೆ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದು ಆಗಬೇಕಾದದ್ದು ಊರಿನ ನಾಡಕಚೇರಿಯಲ್ಲಿ. ಫಲಿತಾಂಶ ಬಂದ ಮೇಲೆ ನೆನಪಾದರೆ ಅಪ್ಪ ನಾಲ್ಕು ದಿನದ ಪಗಾರ ಬಿಟ್ಟು ಹೋಗಿ ಬರಬೇಕು, ಅಷ್ಟರಲ್ಲಿ ಸೀಟು ತುಂಬಿರುತ್ತದೆ. ಯುಗಾದಿಗೆ ಹೇಗೂ ಊರಿಗೆ ಹೋಗುತ್ತೀರಲ್ಲ, ಆಗಲೇ ಮಾಡಿಸಿಕೊಂಡು ಬನ್ನಿ ಎಂದು ಜನವರಿಯಲ್ಲೇ ಒಬ್ಬೊಬ್ಬ ತಂದೆಗೂ ಫೋನ್ ಮಾಡುವ ಮುಖ್ಯಶಿಕ್ಷಕಿಯೊಬ್ಬರನ್ನು ನಾನು ಬಲ್ಲೆ. ಹಾಗೆ ಹೇಳಿಸಿಕೊಂಡ ಮನೆಗಳ ಮಕ್ಕಳು ಪಿಯು ಕಾಲೇಜಿನ ಕೌಂಟರಿನಲ್ಲಿ ಎಲ್ಲ ಕಾಗದ ಒಟ್ಟಿಗೆ ಇಟ್ಟು, ಮೊದಲ ಪಟ್ಟಿಯಲ್ಲೇ ಸೇರಿಕೊಂಡದ್ದನ್ನೂ ನೋಡಿದ್ದೇನೆ.